ಅಟ್ಟದ ಸಂದು

ಜುಲೈ 6, 2024, ಶನಿವಾರ

ನಿನ್ನೆ ರಾತ್ರಿಯೂ ಅಟ್ಟದಲ್ಲಿ ಅದೇ ದಡಬಡ. ಬೆಳಗ್ಗೆ ಹತ್ತಿ ನೋಡಿದರೆ ಬೀಜದ ಭತ್ತದ ಚೀಲದ ಮೂಲೆ ಹರಿದಿದೆ, ಸುತ್ತ ಹೊಟ್ಟು, ಹಿಕ್ಕೆ. ಅತ್ತೆಯದು ಒಂದೇ ಮಾತು: ಪಾಷಾಣ ಈ ಮನೆಯ ಹೊಸ್ತಿಲು ದಾಟಕೂಡದು. ಪದ್ಮಾವತಿ ಅಮ್ಮನವರ ದರ್ಶನವಾಗದೆ ಬಾಯಿಗೆ ನೀರು ಹಾಕದವರು ಅವರು. ನನಗೂ ವಿಷ ಬೇಡ. ತಿಂದ ಇಲಿ ಅಲ್ಲೇ ಸಾಯುವುದಿಲ್ಲ. ತೂರಾಡುತ್ತ ಅಂಗಳಕ್ಕೆ ಬಂದರೆ ಗೂಬೆಯೋ ಬೆಕ್ಕೋ ಅದನ್ನು ಹಿಡಿದು ತಾನೂ ಹೋಗುತ್ತದೆ.

ಹಾಗೆಂದು ಇರಲಿ ಬಿಡಿ ಎನ್ನಲೂ ಆಗದು. ಹೋದ ಶ್ರಾವಣದಲ್ಲಿ ಇವರಿಗೆ ಇಲಿ ಜ್ವರ ಬಂದದ್ದು ಮರೆತಿಲ್ಲ. ಒಡೆದ ಹಿಮ್ಮಡಿಯಲ್ಲಿ ಕೊಟ್ಟಿಗೆಯ ನೀರು ತುಳಿದಿದ್ದರು, ಅಷ್ಟೇ. ಇಲಿಯ ಉಚ್ಚೆ ಸೇರಿದ ನೀರು ಗಾಯಕ್ಕೆ ತಾಗಿದರೆ ಸಾಕು. ಕಣ್ಣು ಕೆಂಡ; ಮೀನಖಂಡ ಮುಟ್ಟಿದರೆ ಚೀರುತ್ತಿದ್ದರು.

ಜುಲೈ 7, ಭಾನುವಾರ

ಪಕಾಸಿ ಗೋಡೆಗೆ ಕೂಡುವಲ್ಲಿ ಸಂದು ಸಿಕ್ಕಿತು. ಅಂಚು ಎಣ್ಣೆ ಸವರಿದಂತೆ ಕಪ್ಪಗೆ ಮಿನುಗುತ್ತಿತ್ತು, ಎರಡು ಕೂದಲು ಅಂಟಿದ್ದವು. ದಿನವೂ ಮೈ ಉಜ್ಜಿ ಉಜ್ಜಿ ಹತ್ತಿದ ಜಿಡ್ಡು. ರಾತ್ರಿ ಬ್ಯಾಟರಿ ಹಿಡಿದು ಕಾದೆ. ಹಲಸಿನ ಕೊಂಬೆಯಿಂದ ಇಲಿ ಹೆಂಚಿಗೆ ಇಳಿಯಿತು. ಬಾಲ ಮೈಗಿಂತ ಉದ್ದ. ಹೆಗ್ಗಣವಾಗಿದ್ದರೆ ನೆಲ ಕೊರೆಯುತ್ತಿತ್ತು. ಇದು ಹತ್ತುವ ಜಾತಿ. ಇಷ್ಟು ದಿನ ನಾವು ಹೆಗ್ಗಣವೆಂದುಕೊಂಡು ಬಚ್ಚಲ ತೂಬಿಗೆ ಕಲ್ಲಿಟ್ಟು ಕಾವಲು ಕೂತಿದ್ದೆವು.

ಜುಲೈ 9, ಮಂಗಳವಾರ

ಹೆಂಚಿಗೆ ತಾಗುತ್ತಿದ್ದ ಕೊಂಬೆಗಳನ್ನು ಕಡಿಸಿದ್ದಾಯಿತು. ಭತ್ತ ತಗಡಿನ ಡ್ರಮ್ಮಿಗೆ ಹೋಯಿತು. ಹಿಕ್ಕೆಯನ್ನು ಒಣಗಿದ್ದ ಹಾಗೆಯೇ ಗುಡಿಸಲಿಲ್ಲ; ಬ್ಲೀಚಿಂಗ್ ಪುಡಿಯ ನೀರು ಹಾಕಿ ನೆನೆಸಿ ಒರೆಸಿದೆ. ಉಳಿದ ಸಂದುಗಳಿಗೆಲ್ಲ ಕಬ್ಬಿಣದ ಸಣ್ಣ ಬಲೆ ತುರುಕಿ ಸಿಮೆಂಟು. ಬಟ್ಟೆ, ಹಲಗೆ ಯಾವುದೂ ನಿಲ್ಲದು. ಅದರ ಹಲ್ಲು ಬೆಳೆಯುತ್ತಲೇ ಇರುತ್ತದೆ, ಕಡಿಯದೆ ಬೇರೆ ದಾರಿಯಿಲ್ಲ. ಆ ದೊಡ್ಡ ಸಂದನ್ನು ಮಾತ್ರ ಬಿಟ್ಟಿದ್ದೇನೆ. ಒಳಗಿರುವವು ಹೊರಬೀಳುವ ಮೊದಲೇ ಮುಚ್ಚಿದರೆ ಅಟ್ಟದಲ್ಲೇ ಸತ್ತು ಕೊಳೆಯುತ್ತವೆ. ಸುಟ್ಟ ಕೊಬ್ಬರಿ ಕಟ್ಟಿ ಬೋನು ಇಟ್ಟೆ.

ಜುಲೈ 12, ಶುಕ್ರವಾರ

ಮೂರು ಬಿದ್ದವು. ಗೋಣಿ ಹೊದಿಸಿದ ಬೋನು ಹಿಡಿದು ಪಂಚಕೂಟ ಬಸದಿಯ ಮುಂದೆ ಹಾದು ಬಿಲ್ಲೇಶ್ವರದ ಕಡೆಯ ಕಾಡಿಗೆ ಬಿಟ್ಟು ಬಂದೆವು. 1077ರಲ್ಲಿ ರಾಣಿ ಚಟ್ಟಲದೇವಿ ಕಟ್ಟಿಸಿದ ಬಸದಿ ಅದು. ಕಲ್ಲಿಗೆ ಕಲ್ಲು ಎಷ್ಟು ಬಿಗಿಯಾಗಿ ಕೂತಿದೆ ಎಂದು ಇವತ್ತೇ ಮೊದಲ ಸಲ ನಿಂತು ನೋಡಿದೆ.

ಜುಲೈ 14, ಭಾನುವಾರ

ಇವತ್ತಿನದು ಹೆಣ್ಣು. ಸರಳಿಗೆ ಒತ್ತಿ ನಿಂತಾಗ ಹೊಟ್ಟೆಯ ಮೊಲೆಗಳು ಉಬ್ಬಿದ್ದು ಕಂಡಿತು. ಅಟ್ಟ ಹತ್ತಿದೆ. ಹಳೆಯ ಕಂಬಳಿಯ ಮಡಿಕೆಯಲ್ಲಿ ಆರು ಮರಿ, ಗುಲಾಬಿ ಚರ್ಮ, ಕಣ್ಣಿನ್ನೂ ಬಿಟ್ಟಿಲ್ಲ. ಅತ್ತೆ ಕೆಳಗಿನಿಂದ, "ಬಿಟ್ಟುಬಿಡು" ಎಂದರು. ಇವರು ಏನೂ ಹೇಳಲಿಲ್ಲ, ಕಾಲಿನ ಕಡೆ ನೋಡಿಕೊಂಡರು. ಬೋನಿನ ಬಾಗಿಲು ತೆಗೆಯುವಾಗ ನನ್ನ ಕೈ ನಡುಗಿತು.

ಮರಿಗಳು ಹಾಲು ಬಿಡಲು ಮೂರು ವಾರ ಬೇಕು. ಆಗಸ್ಟ್ ಮೊದಲ ವಾರ ಮತ್ತೆ ಬೋನು, ಆಮೇಲೆ ಸಿಮೆಂಟು. ಅಲ್ಲಿಯ ತನಕ ಇವರು ಗಮ್‌ಬೂಟು ಹಾಕದೆ ಕೊಟ್ಟಿಗೆಗೆ ಇಳಿಯಕೂಡದು.