ಸೋರಿಕೆಯ ಜಾಡು

ಸೋರುವ ನೀರು ತಾನು ಹೊರಟ ಜಾಗದ ಕೆಳಗೇ ಬೀಳುವುದು ಅಪರೂಪ. ಬೋಲ್ಟಿನ ತಲೆ ಹಿಡಿದು ಇಳಿಯುತ್ತದೆ, ಬ್ಲಾಕಿನ ಅಂಚಿನಗುಂಟ ಹರಿಯುತ್ತದೆ, ಆಯಿಲ್ ಸಂಪಿನ ಮೂಲೆಗೆ ಬಂದು ಅಲ್ಲಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ನೆಲದ ಒದ್ದೆ ನೋಡಿ ಅದರ ನೇರ ಮೇಲಿದ್ದ ಹೋಸ್ ಬದಲಿಸಿದವರಿಗೆ ಮರುವಾರ ಅದೇ ಒದ್ದೆ ಅದೇ ಜಾಗದಲ್ಲಿ ಕಾಣುತ್ತದೆ. ಹನಿಯಿಂದ ಹಿಂದಕ್ಕೆ, ಮೇಲಕ್ಕೆ ಜಾಡು ಹಿಡಿದು ಹೋಗುವ ಆ ಹೊತ್ತು ನನಗೆ ಬಲು ಪ್ರೀತಿ. ರಿಪೇರಿಯ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ, ಪಾನಾ ಇನ್ನೂ ಚೀಲದಲ್ಲೇ ಇರುತ್ತದೆ.

ನನ್ನದು ಹಳೆಯ ಅಂಬಾಸಿಡರ್, 1489 ಸಿಸಿ ಪೆಟ್ರೋಲ್ ಎಂಜಿನ್ನಿನದು. ಈ ಕಾರುಗಳ ತಯಾರಿಕೆ 2014ರಲ್ಲೇ ನಿಂತುಹೋಯಿತು. ಆದರೆ ಬಾನೆಟ್ ಎತ್ತಿದರೆ ಎಂಜಿನ್ನಿನ ಸುತ್ತ ಕೈ ಆಡಿಸಲು ಇಷ್ಟು ಜಾಗವಿರುವ ಕಾರು ಇನ್ನೊಂದು ಸಿಗುವುದು ಕಷ್ಟ. ಈಗಿನ ಹಲವು ಕಾರುಗಳಲ್ಲಿ ವಾಟರ್ ಪಂಪ್ ಟೈಮಿಂಗ್ ಬೆಲ್ಟಿನ ಹಿಂದೆ ಅಡಗಿರುತ್ತದೆ. ಅದನ್ನು ಮುಟ್ಟಬೇಕಾದರೆ ಎಂಜಿನ್ನಿನ ಮುಖವನ್ನೆಲ್ಲ ಬಿಚ್ಚಬೇಕು. ಅಂಬಾಸಿಡರಿನಲ್ಲಿ ರೇಡಿಯೇಟರಿನ ಬೆನ್ನಿಗೆ ಫ್ಯಾನು, ಫ್ಯಾನಿನ ಬೆನ್ನಿಗೆ ಪುಲ್ಲಿ, ಅದರ ಬೆನ್ನಿಗೆ ಪಂಪು, ಈ ಮೂರೂ ಒಂದೇ ಶಾಫ್ಟಿನ ಮೇಲೆ. ತೊಡಕೂ ಅಲ್ಲೇ. ಪಂಪು ಸೋರತೊಡಗಿದರೆ ಫ್ಯಾನಿನ ಗಾಳಿ ಆ ಹನಿಗಳನ್ನು ಎಂಜಿನ್ನಿನ ಮೈತುಂಬ ಎರಚಿಬಿಡುತ್ತದೆ. ಬ್ಯಾಟರಿಯ ಮೇಲೂ ನೀರು, ಡಿಸ್ಟ್ರಿಬ್ಯೂಟರಿನ ಮೇಲೂ ನೀರು. ಎಲ್ಲಿಂದ ಬಂತೆಂದು ಹೇಳುವುದು ಹೇಗೆ?

ಮೊದಲು ಎಲ್ಲವನ್ನೂ ಒರೆಸಿ ಒಣಗಿಸುತ್ತೇನೆ. ಅನುಮಾನದ ಜಾಗಗಳಿಗೆ ಮುಖದ ಪೌಡರ್ ಉದುರಿಸುತ್ತೇನೆ. ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ನಿಲ್ಲಿಸಿ, ಟಾರ್ಚಿನ ಬೆಳಕು ಬಿಟ್ಟು ಅಂಗೈಯಗಲದ ಕನ್ನಡಿಯನ್ನು ಪಂಪಿನ ಅಡಿಗೆ ಹಿಡಿಯುತ್ತೇನೆ. ಪೌಡರಿನ ಮೇಲೆ ಹಸಿ ಗೆರೆ ಮೂಡಿದ್ದರೆ ಅದರ ತಲೆ ಎಲ್ಲಿದೆ ಎಂದು ನೋಡಿದರಾಯಿತು. ಈ ಸಲ ಗೆರೆಯ ತಲೆ ಶಾಫ್ಟಿನ ಕೆಳಗಿನ ಸಣ್ಣ ತೂತಿನಲ್ಲಿತ್ತು.

ಆ ತೂತು ಒಡಕಲ್ಲ, ತಯಾರಿಸಿದವರೇ ಬಿಟ್ಟದ್ದು. ಪಂಪಿನೊಳಗೆ ಒಂದು ಕಡೆ ನೀರು, ಇನ್ನೊಂದು ಕಡೆ ಗ್ರೀಸ್ ತುಂಬಿದ ಬೇರಿಂಗ್. ನಡುವೆ ಇರುವುದು ಸೀಲ್ ಒಂದೇ. ಬೀಸುಕಲ್ಲಿನ ಹಾಗೆ ಒಂದು ಮುಖ ನಿಂತಿರುತ್ತದೆ, ಇನ್ನೊಂದು ಅದಕ್ಕೆ ಒತ್ತಿಕೊಂಡು ತಿರುಗುತ್ತದೆ, ಒತ್ತುವುದು ಸ್ಪ್ರಿಂಗ್. ಮುಖ ಸವೆದು ನೀರು ದಾಟಿತೆಂದರೆ ಬೇರಿಂಗನ್ನು ಸೇರುವ ಮೊದಲೇ ಹೊರಗೆ ಬೀಳಲಿ ಎಂದು ನಡುವೆ ಆ ದಾರಿ. ಈ ತೂತನ್ನು ಎಂ-ಸೀಲ್ ಅಂಟು ಮೆತ್ತಿ ಮುಚ್ಚುವವರನ್ನು ಕಂಡಿದ್ದೇನೆ. ಮನಸ್ಸಿಗೆ ನೋವಾಗುತ್ತದೆ. ನೀರು ಬೇರಿಂಗಿಗೆ ನುಗ್ಗಿ ಗ್ರೀಸ್ ತೊಳೆದುಹೋಗುತ್ತದೆ, ಶಾಫ್ಟ್ ಅಲುಗಾಡುತ್ತದೆ, ಕೊನೆಗೊಂದು ದಿನ ಫ್ಯಾನಿನ ರೆಕ್ಕೆ ರೇಡಿಯೇಟರಿಗೆ ಬಡಿಯುತ್ತದೆ.

ಸೀಲ್ ಸವೆಯಲು ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಬೋರಿನ ನೀರು ಗಡಸು. ದಾರಿಯಲ್ಲಿ ಎಂಜಿನ್ ಕಾದರೆ ಹೊಲದ ಬೋರಿನಿಂದ ಕೊಡ ತುಂಬಿ ತಂದು ರೇಡಿಯೇಟರಿಗೆ ಸುರಿಯುವುದು ರೂಢಿ. ಕಾದು ಕಾದು ಅದರ ಉಪ್ಪು ರೇಡಿಯೇಟರಿನ ಕೊಳವೆಗಳಲ್ಲಿ ಬಿಳಿ ಪದರಾಗಿ ಕೂರುತ್ತದೆ, ಎದ್ದ ಚೂರುಗಳು ಸೀಲಿನ ಮುಖವನ್ನು ಉಜ್ಜುತ್ತವೆ. ಗಂಗಾವತಿಯತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಅಷ್ಟು ಗಡಸಲ್ಲ, ಆದರೆ ಮಳೆಗಾಲದಲ್ಲಿ ಕೆಸರು. ಭತ್ತದ ಕೊಯ್ಲಿನ ದಿನಗಳಲ್ಲಿ ಹೊಟ್ಟು, ಧೂಳು ರೇಡಿಯೇಟರಿನ ಸಂದಿಯಲ್ಲಿ ತುಂಬಿ ಗಾಳಿಯನ್ನೇ ತಡೆಯುತ್ತವೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಕೂಲಂಟ್ ಬೆರೆಸಿ ಹಾಕುವ ಖರ್ಚು ದೊಡ್ಡದಲ್ಲ. ಕೂಲಂಟ್ ಇದ್ದರೆ ತುಕ್ಕು ತಡೆಯುತ್ತದೆ, ಕುದಿಯುವ ಬಿಂದುವೂ ಮೇಲೇರುತ್ತದೆ.

ಬಿಚ್ಚುವುದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ. ಬಿಸಿಯಿದ್ದಾಗ ರೇಡಿಯೇಟರಿನ ಕ್ಯಾಪ್ ತಿರುಗಿಸಿದರೆ ಒಳಗಿನ ಒತ್ತಡ ಒಮ್ಮೆಲೇ ಇಳಿದು ನೀರು ಭಗ್ಗನೆ ಕುದಿದೆದ್ದು ಮುಖಕ್ಕೆ ಹಾರುತ್ತದೆ. ಇಳಿಸಿದ ಹಸಿರು ಕೂಲಂಟನ್ನು ಮುಚ್ಚಳವಿರುವ ಡಬ್ಬಿಗೇ ಹಿಡಿಯಬೇಕು. ಅದು ಸಿಹಿ, ನಾಯಿಗಳು ನೆಕ್ಕುತ್ತವೆ, ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ಕೆಳಗಿನ ನಲ್ಲಿ ತೆರೆದು ನೀರು ಇಳಿಸುವಾಗ ನನಗೆ ಪ್ರತಿಸಲ ಮುನಿರಾಬಾದ್ ನೆನಪಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಲ್ಲಿನ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ನೀರೆಲ್ಲ ಖಾಲಿಯಾಗುವವರೆಗೆ ಕಾಯುತ್ತ ಕೂತಿದ್ದರೆ ಕಾಲುವೆ ನಂಬಿದ ಹೊಲಗಳ ಗತಿ? ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದ ಸುಮಾರಿಗೆ ಬಾಯಿ ಮುಚ್ಚಿದರು. ನಲ್ಲಿ ತೆರೆದು ಖಾಲಿ ಮಾಡಿಕೊಳ್ಳುವ ಅನುಕೂಲ ಇರುವ ನಾನು ಆ ಕೆಲಸಗಾರರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ರೇಡಿಯೇಟರ್ ಹೊರಗೆ ತೆಗೆದು, ಬೆಲ್ಟು ಇಳಿಸಿ, ಫ್ಯಾನು ಕಳಚಿ, ಪಂಪಿನ ಬೋಲ್ಟುಗಳನ್ನು ಬಿಚ್ಚುತ್ತೇನೆ. ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ಯಾವ ಬೋಲ್ಟು ಎಲ್ಲಿತ್ತೋ ಅಲ್ಲೇ ಚುಚ್ಚಿಡುತ್ತೇನೆ. ಪಂಪು ಸುಲಭಕ್ಕೆ ಬಿಡುವುದಿಲ್ಲ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು. ಬ್ಲಾಕಿನ ಮುಖಕ್ಕೆ ಗೀರು ಬಿದ್ದರೆ ಅಲ್ಲೇ ಹೊಸ ಸೋರಿಕೆ. ಕಟ್ಟಿಗೆಯ ತುಂಡು ಒತ್ತಿ ಅದರ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ತಾನೇ ಕಳಚಿಕೊಳ್ಳುತ್ತದೆ.

ಇನ್ನು ಪಂಪಿಗೂ ಬ್ಲಾಕಿಗೂ ನಡುವಿನ ಹಳೆಯ ಪ್ಯಾಕಿಂಗ್ ಕೆರೆಯುವುದು. ಈ ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ಬೆರಳ ತುದಿ ಆಡಿಸಿದಾಗ ಎಲ್ಲೂ ತಡೆಯಬಾರದು. ಹೊಸ ಪ್ಯಾಕಿಂಗ್ ಅಂಗಡಿಯಲ್ಲಿ ಸಿದ್ಧ ಸಿಗುತ್ತದೆ, ಆದರೂ ನಾನು ಹಾಳೆ ತಂದು ಕೈಯಾರೆ ಕತ್ತರಿಸುತ್ತೇನೆ. ಪಂಪಿನ ಬಾಯಿಯ ಮೇಲೆ ಹಾಳೆ ಹಾಸಿ, ಗುಂಡುತಲೆಯ ಸಣ್ಣ ಸುತ್ತಿಗೆಯಿಂದ ಅಂಚಿನಗುಂಟ ಟಕಟಕ ಬಡಿಯುತ್ತ ಹೋಗುವುದು. ಲೋಹದ ಅಂಚೇ ಕೆಳಗಿನಿಂದ ಹಾಳೆಯನ್ನು ಕತ್ತರಿಸುತ್ತದೆ. ಬೋಲ್ಟಿನ ತೂತಿನ ಮೇಲೆ ಗುಂಡುತಲೆ ಇಟ್ಟು ಒಂದು ಪೆಟ್ಟು ಕೊಟ್ಟರೆ ಗುಂಡನೆಯ ಬಿಲ್ಲೆ ಕಳಚಿ ಬೀಳುತ್ತದೆ. ಆ ಪಂಪಿಗೇ ಒಪ್ಪುವ ಪ್ಯಾಕಿಂಗ್ ಕೈಗೆ ಬಂದಾಗಿನ ಸಂತೋಷವನ್ನು ನಾನು ಯಾವ ಅಂಗಡಿಯಿಂದಲೂ ಕೊಂಡು ತರಲಾರೆ.

ಪಂಪಿನೊಳಕ್ಕೆ ಹೊಸ ಸೀಲು, ಹೊಸ ಬೇರಿಂಗು ಕೂರಿಸಿದೆ. ನೀರು ತಳ್ಳುವ ಚಕ್ರವನ್ನು ಶಾಫ್ಟಿಗೆ ಒತ್ತುವಾಗ ಫೀಲರ್ ಗೇಜಿನ ತೆಳ್ಳನೆ ಪಟ್ಟಿ ಆಡುವಷ್ಟೇ ಸಂದು ಉಳಿಯಬೇಕು. ಹೆಚ್ಚಾದರೆ ನೀರು ಸರಿಯಾಗಿ ಓಡುವುದಿಲ್ಲ, ಕಡಿಮೆಯಾದರೆ ಚಕ್ರ ಪಂಪಿನ ಮೈಗೆ ಉಜ್ಜುತ್ತದೆ. ಬೋಲ್ಟುಗಳನ್ನು ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿದೆ. ಬೆಲ್ಟಿನ ನಡುವೆ ಹೆಬ್ಬೆರಳಿಟ್ಟು ಒತ್ತಿದರೆ ಅರ್ಧ ಇಂಚು ತಗ್ಗಬೇಕು. ಕಿರುಗುಟ್ಟುತ್ತದೆಂದು ಬೆಲ್ಟನ್ನು ತಂತಿಯ ಹಾಗೆ ಬಿಗಿಯುವುದರಿಂದಲೇ ಎಷ್ಟೋ ಪಂಪುಗಳ ಬೇರಿಂಗ್ ಹೋಗಿವೆ.

ಥರ್ಮೋಸ್ಟಾಟನ್ನು ವಾಪಸು ಹಾಕಿದೆ. ನಮ್ಮ ಬಿಸಿಲಿಗೆ ಅದು ಬೇಡವೆಂದು ಕಿತ್ತೊಗೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಎಂಜಿನ್ ಬೇಗ ತನ್ನ ಹದದ ಬಿಸಿಗೆ ಬಾರದಿದ್ದರೆ ಪೆಟ್ರೋಲೂ ದಂಡ, ಸವೆತವೂ ಹೆಚ್ಚು. ಕ್ಯಾಪ್ ತೆಗೆದಿಟ್ಟೇ ಎಂಜಿನ್ ಓಡಿಸಿ, ಒಳಗಿನ ಗಾಳಿಯ ಗುಳ್ಳೆಗಳೆಲ್ಲ ಬಂದುಹೋದ ಮೇಲೆ ಮಟ್ಟ ನೋಡಿ ತುಂಬಿಸಿ, ಕೊಪ್ಪಳದಿಂದ ಕುಷ್ಟಗಿಯವರೆಗೆ ಓಡಿಸಿದೆ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿತ್ತು. ಕನ್ನಡಿ ಹಿಡಿದು ನೋಡಿದರೆ ತೂತಿನ ಬಾಯಿ ಒಣಗಿತ್ತು.

ಚಹಾದಂಗಡಿ ಮುಂದೆ ಬಾನೆಟ್ ಎತ್ತಿ ನಿಂತಿದ್ದಾಗ ಹುಡುಗನೊಬ್ಬ ಬಂದ. "ಕಾಕಾ, ನಮ್ಮ ಟ್ರ್ಯಾಕ್ಟರ್ ಪಂಪೂ ಸೋರಾಕ ಹತ್ತೈತ್ರಿ. ಹೋದ ವರ್ಷನ ಹೊಸಾದು ಹಾಕ್ಸೀವಿ. ಒಂಚೂರು ನೋಡ್ರಲಾ," ಎಂದ. ರಸ್ತೆಯಾಚೆ ನಿಂತಿದ್ದ ಟ್ರ್ಯಾಕ್ಟರಿನ ಬಳಿ ಹೋಗಿ ಮೊದಲು ಬೆಲ್ಟಿನ ಮೇಲೆ ಹೆಬ್ಬೆರಳೊತ್ತಿದೆ. ಅದು ಜಗ್ಗಲೇ ಇಲ್ಲ. ಆಲ್ಟರ್ನೇಟರಿನ ಬೋಲ್ಟು ಸಡಿಲಿಸಲು ಪಾನಾ ತಾ ಎಂದೆ.