ಅರ್ಧ ಲೀಟರ್ ಹಾಲಿನಷ್ಟು ಬಿಗಿ

ಹೊಸ ಸೈಕಲಿನ ಪೆಟ್ಟಿಗೆ ಬಾಗಿಲಲ್ಲಿ ಅಡ್ಡಡ್ಡ ಬರಲೊಲ್ಲದು. ಚಪ್ಪಲಿ ಸ್ಟ್ಯಾಂಡ್ ಸರಿಸಿ, ಉದ್ದಕ್ಕೆ ತಿರುಗಿಸಿ, ಮಗಳು ಆ ತುದಿ ನಾನು ಈ ತುದಿ ಹಿಡಿದು ಒಳಗೆ ತಂದಿದ್ದೇವೆ. ಮೈಸೂರಿನ ಭಾನುವಾರ, ಬೆಳಿಗ್ಗೆ ಏಳೂವರೆ. ಟೀಪಾಯಿ ರೂಮು ಸೇರಿದೆ. ಹಾಲ್‌ನಲ್ಲಿ ಹಳೆಯ ಜಮಖಾನ ಹಾಸಿ, ಪಕ್ಕದಲ್ಲಿ ದೊಡ್ಡದೊಂದು ಸ್ಟೀಲ್ ತಟ್ಟೆ ಇಟ್ಟುಕೊಂಡಿದ್ದೇನೆ. ತಟ್ಟೆ ಬೋಲ್ಟುಗಳಿಗೆ. ಜಮಖಾನದ ಮಡಿಕೆಗೆ ಬಿದ್ದ ವಾಷರ್ ಸದ್ದಿಲ್ಲದೆ ಮಾಯವಾಗುತ್ತದೆ. ತಟ್ಟೆಗೆ ಬಿದ್ದರೆ ಟಣ್ ಎನ್ನುತ್ತದೆ.

ಕಟ್ಟರ್ ಕೈಗೆತ್ತಿಕೊಳ್ಳುವ ಮುಂಚೆ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ. ಪ್ರತಿ ಮಗ್ಗುಲಿನದೂ ಒಂದೊಂದು ಫೋಟೊ. ಹಿಂಭಾಗದ ಬಲ ಮೂಲೆ ಜಜ್ಜಿದೆ, ಅಂಗೈ ಅಗಲದಷ್ಟು. ಆ ಜಾಗದ ಹಿಂದೆ ಇರುವುದು ಡಿರೇಲರ್, ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ದಾಟಿಸುವ ತೋಳು. ಇದನ್ನು ಮರೆಯಬಾರದು ಅಂದುಕೊಂಡು ಮುಂದಕ್ಕೆ ಹೋಗುತ್ತೇನೆ.

ರಟ್ಟಿಗೆ ಹೊಡೆದ ದಪ್ಪ ಪಿನ್ನುಗಳನ್ನು ಇಕ್ಕಳದಿಂದ ಒಂದೊಂದಾಗಿ ಕಿತ್ತು ತಟ್ಟೆಗೆ ಹಾಕುತ್ತೇವೆ. ಮನೆಯಲ್ಲಿ ಎಲ್ಲರೂ ಬರಿಗಾಲಲ್ಲಿ ಓಡಾಡುವವರು. ಟೇಪನ್ನು ಕುಯ್ಯುವಾಗ ಅಲಗು ಕಾಲು ಇಂಚಿಗಿಂತ ಆಳಕ್ಕೆ ಇಳಿಯಬಾರದು. ಮುಚ್ಚಳ ತೆರೆದರೆ ಹೊಸ ರಬ್ಬರಿನ ವಾಸನೆ ಮುಖಕ್ಕೆ ಬಡಿಯುತ್ತದೆ. ಮಗಳು ಕಣ್ಣು ಮುಚ್ಚಿ ಅದನ್ನು ಎಳೆದುಕೊಳ್ಳುತ್ತಾಳೆ.

ಇಬ್ಬರೂ ಸೇರಿ ಸೈಕಲನ್ನು ಮೇಲಕ್ಕೆತ್ತಿ ಗೋಡೆಗೆ ಒರಗಿಸುತ್ತೇವೆ. ಹಸಿರು ಅಲ್ಯೂಮಿನಿಯಂ ಫ್ರೇಮು, ಮುಂದಿನ ಚಕ್ರವನ್ನು ಹಿಡಿಯುವ ಕಾರ್ಬನ್ ಫೋರ್ಕು. ಹಿಂದಿನ ಚಕ್ರ ಕಾರ್ಖಾನೆಯಲ್ಲೇ ಕೂತಿದೆ. ಮುಂದಿನ ಚಕ್ರವನ್ನು ಫ್ರೇಮಿನ ಮಗ್ಗುಲಿಗೆ ಕಟ್ಟಿದ್ದಾರೆ. ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ ಬಿಚ್ಚಿಕೊಂಡು, ಬ್ರೇಕಿನ ಎಣ್ಣೆ ಕೊಳವೆ ಮತ್ತು ಗೇರಿನ ವೈರುಗಳಲ್ಲಷ್ಟೇ ನೇತಾಡುತ್ತಿದೆ. ಎಲ್ಲ ಕಡೆ ಫೋಮು, ಎಲ್ಲ ಕಡೆ ಜಿಪ್ ಟೈ. ಇವನ್ನು ಅಲಗಿನಿಂದ ಕೊಯ್ಯುವುದಿಲ್ಲ. ಒಂದು ಟೈ ಬ್ರೇಕಿನ ಕೊಳವೆಗೆ ಎಷ್ಟು ಒತ್ತಿಕೊಂಡಿದೆ ಎಂದರೆ ನಡುವೆ ಉಗುರು ತೂರುವುದಿಲ್ಲ. ಅಲ್ಲಿ ಕಟ್ಟರ್ ಜಾರಿದರೆ ಎಣ್ಣೆ ಸುರಿದು ಬ್ರೇಕು ಹೋದಂತೆಯೇ. ಕತ್ತರಿ ಇಕ್ಕಳದ ಮೂತಿಯನ್ನು ಟೈನ ಗಂಟಿಗೆ ಕೊಟ್ಟು ಕಚ್ಚಿಸುತ್ತೇನೆ. ಟಿಕ್, ಟಿಕ್, ಹದಿನಾಲ್ಕು ಸಲ.

ಮಗಳು ಟೈರಿನ ಬದಿಯ ಬರಹ ಓದುತ್ತಾಳೆ: 700, 40. ಅಗಲ 40 ಮಿಲಿಮೀಟರ್. ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು ಹೊತ್ತ ಕಪ್ಪು ಸೈಕಲ್ಲುಗಳ ಟೈರು 28 ಇಂಚು, ಅಗಲ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್. ಹೆಚ್ಚುಕಡಿಮೆ ಅಷ್ಟೇ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಊರಿನಲ್ಲಿ 2006ರಲ್ಲಿ ಜಲ್ಲಿ ರಸ್ತೆಯ ಮೇಲೆ 200 ಮೈಲಿಯ ಸೈಕಲ್ ಓಟವೊಂದು ಶುರುವಾಗಿ, ಅಂಥ ಓಟಗಳ ಬೆನ್ನಿಗೇ ಗ್ರಾವೆಲ್ ಬೈಕ್ ಎಂಬ ಈ ಸೈಕಲಿನ ಜಾತಿ ಬೆಳೆಯಿತು. 2022ರಲ್ಲಿ ಇಟಲಿಯಲ್ಲಿ ಅದರ ಮೊದಲ ವಿಶ್ವ ಚಾಂಪಿಯನ್‌ಷಿಪ್ಪೂ ನಡೆಯಿತು. ಗರಸು ರಸ್ತೆಯಲ್ಲಿ, ನಾಲೆ ಏರಿಯ ಮೇಲೆ ಅಗಲ ಟೈರಿನಲ್ಲಿ ಹೋಗುವುದು ಮಂಡ್ಯ, ಮೈಸೂರಿನ ರೈತರಿಗೆ ಅದಕ್ಕೂ ಎಷ್ಟೋ ಮೊದಲೇ ಗೊತ್ತಿತ್ತು. ಈ ಸೈಕಲ್ ನನಗೆ ಹಿಡಿಸಿದ್ದೂ ಅದಕ್ಕೇ. ಇದು ನಮ್ಮ ರಸ್ತೆಯ ಸೈಕಲ್.

ಮೊದಲ ಕೆಲಸ ಫೋರ್ಕಿನ ದಿಕ್ಕು. ಪೆಟ್ಟಿಗೆಗೆ ತೂರಿಸುವಾಗ ಫೋರ್ಕನ್ನು ಹಿಂದುಮುಂದಾಗಿ ತಿರುಗಿಸಿರುತ್ತಾರೆ. ಹಾಗೇ ಚಕ್ರ ಹಾಕಿ ಓಡಿಸುವವರೂ ಇದ್ದಾರೆ. ಗುರುತು ಸುಲಭ. ಚಕ್ರದ ಡಿಸ್ಕನ್ನು ಪ್ಯಾಡುಗಳಿಂದ ಹಿಂಡಿ ಹಿಡಿಯುವ ಬ್ರೇಕಿನ ಕ್ಯಾಲಿಪರ್ ಸವಾರನ ಎಡಗಡೆಗೆ, ಫೋರ್ಕಿನ ಕಾಲಿನ ಹಿಂಬದಿಗೆ ಬರಬೇಕು. ತಿರುಗಿಸುತ್ತೇನೆ, ಕೊಳವೆ ಎಲ್ಲೂ ಸುತ್ತಿಕೊಂಡಿಲ್ಲ ಎಂದು ಬೆರಳು ಸವರಿ ನೋಡುತ್ತೇನೆ.

ಈಗ ಹ್ಯಾಂಡಲ್. ಇಲ್ಲಿ ನನ್ನ ಕೈ ನಿಧಾನವಾಗುತ್ತದೆ.

ಆರು ವರ್ಷದ ಹಿಂದಿನ ಮಾತು. ಆಗಿನ ನನ್ನ ಸೈಕಲನ್ನು ಬೇರೆಯವರು ಜೋಡಿಸಿ ಕೊಟ್ಟಿದ್ದರು. ಚಾಮುಂಡಿ ಬೆಟ್ಟ ಇಳಿಯುತ್ತಿದ್ದೆ. ಬಲಕ್ಕೆ ತಿರುವು. ಹ್ಯಾಂಡಲ್ ತಿರುಗಿಸಿದೆ, ಹ್ಯಾಂಡಲ್ ತಿರುಗಿತು, ಚಕ್ರ ತಿರುಗಲಿಲ್ಲ. ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ಸ್ಟೆಮ್ಮಿನ ಪಕ್ಕದ ಎರಡು ಬೋಲ್ಟು ಬೆರಳಲ್ಲಿ ತಿರುಗಿಸುವಷ್ಟು ಸಡಿಲ ಇದ್ದವಂತೆ. ನನ್ನ ಎಡ ಕಾಲರ್ ಬೋನ್ ಮುರಿದು, ಕೈ ಎರಡು ತಿಂಗಳು ಜೋಳಿಗೆಯಲ್ಲಿತ್ತು. ಎದುರಿನಿಂದ ಬಸ್ಸು ಬರುತ್ತಿರಲಿಲ್ಲ, ಉಳಿದದ್ದು ಅದರಿಂದ. ಅಂದಿನಿಂದ ನನ್ನ ಸೈಕಲ್ಲಿನ ಈ ಆರು ಬೋಲ್ಟುಗಳನ್ನು ನಾನೇ ಬಿಗಿಯುತ್ತೇನೆ.

ಆರು ಎಂದರೆ, ಹ್ಯಾಂಡಲನ್ನು ಹಿಡಿದಿರುವ ಮುಖಫಲಕದಲ್ಲಿ ನಾಲ್ಕು, ಸ್ಟೆಮ್ಮನ್ನು ಫೋರ್ಕಿನ ಕಂಬಕ್ಕೆ ಕಚ್ಚಿಸುವ ಎರಡು. ಫಲಕದ ಮೇಲೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಕೊರೆದಿದೆ: 5 ನ್ಯೂಟನ್ ಮೀಟರ್. ಮಗಳು ಕೇಳುತ್ತಾಳೆ, ಹಾಗಂದರೆ ಎಷ್ಟು? ಒಂದು ಮೀಟರ್ ಉದ್ದದ ಕೋಲನ್ನು ಬೋಲ್ಟಿಗೆ ಅಡ್ಡಲಾಗಿ ಸಿಕ್ಕಿಸಿ, ಅದರ ತುದಿಗೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟು ತೂಗುಹಾಕಿದರೆ ಎಷ್ಟು ಬಿಗಿಯುತ್ತದೋ ಅಷ್ಟು. ಅವಳು ನಂಬುವುದಿಲ್ಲ. ಅಷ್ಟೇನಾ? ಅಷ್ಟೇ. ನಾವು ಕಬ್ಬಿಣದ ಸೈಕಲ್ ನೋಡಿ ಬೆಳೆದವರು. ಸ್ಪ್ಯಾನರಿನ ಮೇಲೆ ಕೊನೆಗೊಂದು ಗುದ್ದು ಗುದ್ದಿದರೇ ನಮಗೆ ಸಮಾಧಾನ. ಕಬ್ಬಿಣ ಆ ಗುದ್ದನ್ನು ತಡೆದುಕೊಂಡಿತು. ಕಾರ್ಬನ್ ಕಂಬ ತಡೆಯುವುದಿಲ್ಲ. ಹೆಚ್ಚು ಬಿಗಿದರೆ ಒಳಪದರದಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಯಾವುದೋ ಒಂದು ದಿನ ಗುಂಡಿಗೆ ಇಳಿದಾಗ ಮುರಿಯುತ್ತದೆ. ಸಡಿಲವಾದರೂ ಬೀಳುತ್ತೇವೆ, ಬಿಗಿ ಹೆಚ್ಚಾದರೂ ಬೀಳುತ್ತೇವೆ. ಈ ಅಂದಾಜು ತೋಳಿಗೆ ಸಿಗುವಂಥದ್ದಲ್ಲ. ಅದಕ್ಕೇ ಟಾರ್ಕ್ ರೆಂಚ್, ಇಟ್ಟ ಅಳತೆ ಮುಟ್ಟಿದಾಗ ಟಕ್ ಎನ್ನುವ ಸ್ಪ್ಯಾನರ್.

ಹ್ಯಾಂಡಲಿನ ನಡುಗೆರೆಯನ್ನು ಸ್ಟೆಮ್ಮಿನ ನಡುವಿಗೆ ಹೊಂದಿಸುತ್ತೇನೆ. ಫಲಕ ಇಟ್ಟು ನಾಲ್ಕೂ ಬೋಲ್ಟುಗಳನ್ನು ಬೆರಳಲ್ಲೇ ಕೂರಿಸುತ್ತೇನೆ. ಮೇಲೆ ಎಡ, ಕೆಳಗೆ ಬಲ, ಮೇಲೆ ಬಲ, ಕೆಳಗೆ ಎಡ. ಕತ್ತರಿಯಾಕಾರದಲ್ಲಿ, ಒಂದೊಂದಕ್ಕೂ ಕಾಲು ಸುತ್ತಿಗಿಂತ ಹೆಚ್ಚಿಲ್ಲ. ಮಗಳು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಫಲಕದ ಮೇಲಿನ ಸಂದು ಕೆಳಗಿನ ಸಂದು ಒಂದೇ ಸಮ ಇದೆಯಾ ನೋಡುತ್ತಾಳೆ. ‘ಕೆಳಗಡೆ ಜಾಸ್ತಿ’ ಎನ್ನುತ್ತಾಳೆ. ಮೇಲಿನವನ್ನು ಒಂದಿಷ್ಟು ಬಿಟ್ಟು, ಕೆಳಗಿನವನ್ನು ಒಂದಿಷ್ಟು ಹಿಡಿದು, ಈಗ? ‘ಸಮ.’ ರೆಂಚಿನಲ್ಲಿ ಮೊದಲು 3ಕ್ಕೆ ಇಟ್ಟು ಒಂದು ಸುತ್ತು, ಆಮೇಲೆ 5ಕ್ಕೆ. ಟಕ್. ಆ ಸದ್ದು ಕಿವಿಗಿಂತ ಮೊದಲು ಅಂಗೈಗೆ ಗೊತ್ತಾಗುತ್ತದೆ. ನಾಲ್ಕು ಟಕ್. ಪಕ್ಕದ ಎರಡನ್ನು ಈಗಲೇ ಬಿಗಿಯುವುದಿಲ್ಲ, ಚಕ್ರ ಬರಲಿ.

ಫೋರ್ಕಿನ ಕಾಲುಗಳ ನಡುವೆ ಕೊಟ್ಟಿದ್ದ ಪ್ಲಾಸ್ಟಿಕ್ ತುಂಡನ್ನೂ, ಕ್ಯಾಲಿಪರಿನೊಳಗೆ ಪ್ಯಾಡುಗಳ ಮಧ್ಯೆ ಸಿಕ್ಕಿಸಿದ್ದ ಹಳದಿ ಬಿಲ್ಲೆಯನ್ನೂ ತೆಗೆಯುತ್ತೇನೆ. ಬಿಲ್ಲೆ ತೆಗೆದ ಕ್ಷಣದಿಂದ ಚಕ್ರ ಕೂರುವವರೆಗೆ ಬ್ರೇಕಿನ ಲಿವರ್ ಯಾರೂ ಮುಟ್ಟುವಂತಿಲ್ಲ. ನಡುವೆ ಡಿಸ್ಕು ಇಲ್ಲದೆ ಹಿಂಡಿದರೆ ಎರಡು ಪ್ಯಾಡೂ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಕೈಗೆ ಗ್ರೀಸು ಹತ್ತಿದೆ. ಸೋಪು ಹಾಕಿ ತೊಳೆದು ಬರುತ್ತೇನೆ. ಡಿಸ್ಕಿಗೆ ಒಂದು ಬೆರಳಚ್ಚಿನ ಎಣ್ಣೆ ತಾಗಿದರೂ ಪ್ಯಾಡು ಅದನ್ನು ಹೀರಿಕೊಂಡು ಹಿಡಿತ ಕಳೆದುಕೊಳ್ಳುತ್ತದೆ. ಟೈರಿನ ಬಾಣದ ಗುರುತು ಮುಂದಕ್ಕೆ, ಡಿಸ್ಕು ಎಡಕ್ಕೆ, ಚಕ್ರ ಮೇಲಕ್ಕೆ. ಡಿಸ್ಕು ಪ್ಯಾಡುಗಳ ಸಂದಿಗೆ ಜಾರುವುದನ್ನು ಕಣ್ಣಿಟ್ಟು ನೋಡುತ್ತೇನೆ. 12 ಮಿಲಿಮೀಟರಿನ ಆಕ್ಸಲ್‌ಗೆ ತೆಳ್ಳಗೆ ಗ್ರೀಸು ಸವರಿ ತೂರಿಸಿ, ಅದರ ಮೇಲೆಯೇ ಬರೆದಿರುವ ಅಳತೆಗೆ ಬಿಗಿಯುತ್ತೇನೆ.

ಚಕ್ರ ತಿರುಗಿಸಿದರೆ ಶರ್... ಶರ್... ಎಂಬ ಸದ್ದು. ಮಗಳ ಬೆರಳು ಅತ್ತ ಹೋಗುತ್ತದೆ, ತಟ್ಟನೆ ಹಿಡಿಯುತ್ತೇನೆ. ತಿರುಗುವ ಡಿಸ್ಕು ಈಳಿಗೆಮಣೆ ಇದ್ದ ಹಾಗೆ. ಅದರ ತೂತುಗಳಲ್ಲಿ ಬೆರಳು ಸಿಕ್ಕಿದರೆ ತುದಿ ಉಳಿಯುವುದಿಲ್ಲ. ಚಕ್ರ ನಿಲ್ಲಿಸಿ, ಕ್ಯಾಲಿಪರಿನ ಎರಡು ಬೋಲ್ಟು ಸಡಿಲಿಸಿ, ಲಿವರನ್ನು ಹಿಂಡಿ ಹಿಡಿಯಲು ಅವಳಿಗೆ ಹೇಳುತ್ತೇನೆ. ಅವಳು ಹಿಡಿದಿರುವಾಗಲೇ ಬೋಲ್ಟು ಬಿಗಿಯುತ್ತೇನೆ. ಶರ್ ನಿಂತಿತು. ಅವಳು ಹಿಡಿದದ್ದು ಬಲ ಲಿವರು. ಮೋಟರ್ ಬೈಕಿನ ಹಾಗೆ ಬಲಗೈಗೆ ಮುಂದಿನ ಬ್ರೇಕು. ಅಮೆರಿಕದ ರೂಢಿಯಲ್ಲಿ ಅದು ಎಡಗೈಗೆ. ಹತ್ತುವ ಮುಂಚೆ ಯಾವ ಕೈಗೆ ಯಾವ ಬ್ರೇಕು ಎಂದು ಕೈಗೇ ಗೊತ್ತಿರಬೇಕು.

ಈಗ ಉಳಿದ ಎರಡು ಬೋಲ್ಟು. ಮೊದಲು ಸ್ಟೆಮ್ಮಿನ ನೆತ್ತಿಯ ಮುಚ್ಚಳ. ಈ ಕ್ರಮ ತಪ್ಪಬಾರದು. ಮುಂದಿನ ಬ್ರೇಕು ಹಿಡಿದು ಸೈಕಲನ್ನು ಹಿಂದೆ ಮುಂದೆ ಜಗ್ಗುತ್ತಾ, ಫೋರ್ಕು ಫ್ರೇಮಿಗೆ ಸೇರುವ ಸಂದಿಗೆ ಬೆರಳಿಡುತ್ತೇನೆ. ಕಟ್ ಕಟ್ ಎಂದು ಸಣ್ಣ ಆಟ ಸಿಗುತ್ತದೆ. ಮುಚ್ಚಳದ ಬೋಲ್ಟು ಕಾಲು ಸುತ್ತಿನ ಅರ್ಧ. ಇನ್ನೂ ಒಂದಿಷ್ಟು. ಆಟ ಹೋಯಿತು, ಹ್ಯಾಂಡಲ್ ಇನ್ನೂ ಬೆಣ್ಣೆಯಂತೆ ತಿರುಗುತ್ತಿದೆ. ಮಗಳು ಒಂದು ಕಣ್ಣು ಮುಚ್ಚಿ ಸ್ಟೆಮ್ಮನ್ನೂ ಚಕ್ರವನ್ನೂ ಒಂದೇ ಗೆರೆಗೆ ತರುತ್ತಾಳೆ. ಟಕ್. ಟಕ್. ಬದಲಿಸಿ ಬದಲಿಸಿ ಇನ್ನೊಮ್ಮೆ, ಟಕ್. ಟಕ್. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಅವುಚಿ ಹ್ಯಾಂಡಲನ್ನು ಮೈಭಾರ ಹಾಕಿ ತಿರುಚುತ್ತೇನೆ. ಕದಲುವುದಿಲ್ಲ. ಆ ತಿರುವು ಕಣ್ಣ ಮುಂದೆ ಬಂದು ಹೋಗುತ್ತದೆ.

ಸೀಟಿನ ಕೆಲಸ ಹೆಚ್ಚಿಲ್ಲ. ಕಂಬಕ್ಕೆ ಗ್ರೀಸು, ಕನಿಷ್ಠ ಇಳಿಯಬೇಕಾದ ಗೆರೆ ಫ್ರೇಮಿನೊಳಗೆ ಮುಳುಗಿರಬೇಕು, ಆಮೇಲೆ ಪೆಡಲ್ ಕೂರಿಸಿ, ಅದು ಕೆಳಗಿರುವಾಗ ಹಿಮ್ಮಡಿ ಕೊಟ್ಟರೆ ಕಾಲು ನೇರ ಆಗಬೇಕು.

ಪೆಡಲಿನಲ್ಲಿ ಎಡವುವವರು ಬಹಳ. ಬಲದ್ದು ಎಲ್ಲ ತಿರುಪಿನಂತೆ. ಎಡದ್ದರ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಉಲ್ಟಾ. ತುಳಿದ ಹಾಗೆಲ್ಲ ಬಿಚ್ಚಿಕೊಳ್ಳದಿರಲಿ ಎಂದೇ ಹೀಗೆ ಮಾಡಿದ್ದಾರೆ. ನೆನಪಿಗೊಂದು ದಾರಿ: ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು ಮುಂದಿನ ಚಕ್ರದ ಕಡೆ ತಳ್ಳಿದರೆ ಎರಡೂ ಬಿಗಿಯುತ್ತವೆ. ಮೊದಲ ಮೂರು ನಾಲ್ಕು ಸುತ್ತು ಬೆರಳಲ್ಲೇ ಆಗಬೇಕು. ಬೆರಳಿಗೆ ಬಗ್ಗದಿದ್ದರೆ ಬಿಚ್ಚಿ ಮತ್ತೆ ಹಾಕುವುದು. ಪೆಡಲಿನ ಉಕ್ಕು ಕ್ರ್ಯಾಂಕಿನ ಅಲ್ಯೂಮಿನಿಯಂ ಮರೆಯನ್ನು ಒಂದೇ ಒತ್ತಿಗೆ ಕೆತ್ತಿ ಹಾಕುತ್ತದೆ, ಆಮೇಲೆ ಹೊಸ ಕ್ರ್ಯಾಂಕೇ ಗತಿ. ಇಲ್ಲಿ ಮಾತ್ರ ಬಿಗಿ ಜಾಸ್ತಿ ಬೇಕು, 35 ನ್ಯೂಟನ್ ಮೀಟರ್.

ಗಾಳಿ ಹಾಕುವಾಗ ಟೈರಿನ ಮೇಲಿನ ದೊಡ್ಡ ಅಂಕಿ ನೋಡಿ ಮೋಸಹೋಗಬಾರದು. ಅದು ಮಿತಿ, ಅಳತೆಯಲ್ಲ. ನನ್ನ ತೂಕ 68 ಕಿಲೊ. ಟ್ಯೂಬು ಇರುವ 40ರ ಟೈರಿಗೆ ಮುಂದೆ 36, ಹಿಂದೆ 40 ಪಿಎಸ್ಐ ಹಾಕುತ್ತೇನೆ.

ಕೊನೆಗೆ ಆ ಜಜ್ಜಿದ ಮೂಲೆಯ ಲೆಕ್ಕ. ಸೈಕಲಿನ ಹಿಂದೆ ಕೂತು, ಡಿರೇಲರಿನ ಎರಡು ಪುಟ್ಟ ಗಾಲಿಗಳನ್ನೂ ಅವುಗಳ ಮೇಲಿರುವ ಹಲ್ಲುಗಾಲಿಯನ್ನೂ ಒಂದೇ ಗೆರೆಯಲ್ಲಿ ನೋಡುತ್ತೇನೆ. ಗೆರೆ ಒಳಕ್ಕೆ ವಾಲಿದೆ, ಅಕ್ಕಿಕಾಳಿನಷ್ಟು. ಡಿರೇಲರನ್ನು ಹಿಡಿದಿರುವ ಹ್ಯಾಂಗರ್ ಎಂಬ ಕೊಂಡಿ ಬಗ್ಗಿದೆ. ಪೆಟ್ಟು ಬಿದ್ದಾಗ ಫ್ರೇಮಿನ ಬದಲು ತಾನು ಬಗ್ಗಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಅದು ತನ್ನ ಕೆಲಸ ಮಾಡಿದೆ. ಹೀಗೇ ಹೊರಟರೆ ಏರಿನಲ್ಲಿ ಕಡಿಮೆ ಗೇರಿಗೆ ಬದಲಿಸಿದಾಗ ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿ ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ. ಕೈಯಲ್ಲಿ ಬಗ್ಗಿಸುವ ಆಸೆಯಾಗುತ್ತದೆ. ಕೂಡದು. ಅದಕ್ಕೊಂದು ಅಳತೆಗೋಲು ಇದೆ, ಅದು ನನ್ನ ಹತ್ತಿರ ಇಲ್ಲ. ಗೇರು ಮುಟ್ಟದೆ, ತುಳಿಯದೆ, ಸೈಕಲನ್ನು ನಡೆಸಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗುತ್ತೇವೆ. ಅವರು ಉದ್ದನೆಯ ಗೋಲನ್ನು ಸಿಕ್ಕಿಸಿ, ಚಕ್ರದ ರಿಮ್ಮಿಗೆ ನಾಲ್ಕು ಕಡೆ ಅಳೆದು, ಹತ್ತು ನಿಮಿಷದಲ್ಲಿ ನೇರ ಮಾಡಿ ಗೇರು ಹೊಂದಿಸುತ್ತಾರೆ.

ಸಂಜೆ ನಮ್ಮ ಬೀದಿಯಲ್ಲಿ ಬ್ರೇಕು ಪಳಗಿಸುವ ಕೆಲಸ. ಹೊಸ ಪ್ಯಾಡು ಮೊದಲ ದಿನ ಸರಿಯಾಗಿ ಹಿಡಿಯುವುದಿಲ್ಲ. ಗಂಟೆಗೆ 20 ಕಿಲೋಮೀಟರ್ ವೇಗಕ್ಕೆ ಬಂದು, ಹದವಾಗಿ ಹಿಡಿದು, ಪೂರ್ತಿ ನಿಲ್ಲುವ ಮುಂಚೆ ಬಿಡುವುದು. ಒಂದೊಂದು ಬ್ರೇಕಿಗೆ ಇಪ್ಪತ್ತು ಸಲ. ಹದಿನೈದನೆಯದರ ಹೊತ್ತಿಗೆ ಲಿವರಿನಲ್ಲಿ ಹಿಡಿತ ಬರುತ್ತದೆ, ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದಂತೆ.

ಮರುದಿನ ನಸುಕಿನಲ್ಲಿ ಶ್ರೀರಂಗಪಟ್ಟಣದ ಕಡೆ. ಡಾಂಬರು ಬಿಟ್ಟು ನಾಲೆ ಏರಿಗೆ ಇಳಿದಾಗ ಟೈರಿನ ಕೆಳಗೆ ಗರಸು ಜರಜರ ಎನ್ನುತ್ತದೆ. ಎಡಕ್ಕೆ ನೀರು, ಬಲಕ್ಕೆ ಭತ್ತದ ಗದ್ದೆ. ಹ್ಯಾಂಡಲ್ ಹೇಳಿದ ಕಡೆ ಚಕ್ರ ಹೋಗುತ್ತಿದೆ.

ಮನೆಗೆ ಬಂದು ಸ್ನಾನಕ್ಕೆ ಹೋಗುವ ಮುಂಚೆ ರೆಂಚು ಹಿಡಿದೆ. ಫಲಕದ ನಾಲ್ಕರಲ್ಲಿ ಮೂರು ಕೂಡಲೇ ಟಕ್ ಎಂದವು. ಕೆಳಗಿನ ಎಡದ್ದು ಕೂದಲೆಳೆಯಷ್ಟು ತಿರುಗಿ, ಆಮೇಲೆ ಟಕ್ ಎಂದಿತು. ಹೊಸ ಸೈಕಲ್ ತಂದವರು, ಮನೆಯಲ್ಲೇ ಜೋಡಿಸಿರಲಿ, ಅಂಗಡಿಯಲ್ಲೇ ಜೋಡಿಸಿಕೊಂಡಿರಲಿ, ಮೊದಲ ಸವಾರಿಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಈ ಆರು ಬೋಲ್ಟುಗಳನ್ನು ನೋಡಿ. ಟಾರ್ಕ್ ರೆಂಚ್ ಇಲ್ಲದಿದ್ದರೆ ಇರುವವರ ಹತ್ತಿರ ಕೇಳಿ ತನ್ನಿ. ಅದು ಸಿಗುವವರೆಗೆ ಸೈಕಲ್ ಗೋಡೆಗೆ ಒರಗಿಕೊಂಡೇ ಇರಲಿ.