ಭೀಮಾ ದಂಡೆಯಲ್ಲಿ ಭಾರ ಇಳಿಸಿದ ಮೂರು ದಿನ

ಸ್ಟ್ರೆಸ್ ಜಾಸ್ತಿ ಆಗಿದೆ, ಎಲ್ಲಿಗೆ ಹೋಗ್ಲಿ ಅಂತ ಆಫೀಸಲ್ಲಿ ಕೇಳಿದ್ರೆ ಚಿಕ್ಕಮಗಳೂರು, ಕೊಡಗು, ಗೋಕರ್ಣ ಅಂತಾರೆ. ಆಳಂದ, ಅಫಜಲಪುರ, ಜೇವರ್ಗಿ ಅಂತ ಯಾರೂ ಹೇಳಲ್ಲ. ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಹೋಮ್‌ಸ್ಟೇ ಇಲ್ಲ, ಮಂಜು ಇಲ್ಲ. ಕಪ್ಪು ಮಣ್ಣು, ಜೋಳ, ತೊಗರಿ ಮತ್ತು ಎರಡು ನದಿ ಇವೆ. ನನಗೆ ಬೇಕಾಗಿದ್ದು ಸಿಕ್ಕಿದ್ದು ಅಲ್ಲೇ.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಕಳೆದ ವರ್ಷ ನಮ್ಮ ಟೀಮ್‌ನಲ್ಲಿ ಜನ ಕಡಿಮೆಯಾದರು, ಕೆಲಸ ಕಡಿಮೆಯಾಗಲಿಲ್ಲ. ವಾರ ಬಿಟ್ಟು ವಾರ ಆನ್‌ಕಾಲ್. ರಾತ್ರಿ ಫೋನ್ ಸುಮ್ಮನಿದ್ದರೂ ಎದೆ ಹೊಡ್ಕೊಳ್ತಿತ್ತು. ಭಾನುವಾರ ಚರ್ಚಿಗೆ ಹೋದರೂ ಬ್ಯಾಗಲ್ಲಿ ಲ್ಯಾಪ್‌ಟಾಪ್ ಇರುತ್ತಿತ್ತು. ಕೊನೆಕೊನೆಗೆ ಬೆಳಗ್ಗೆ ಏಳೋದೇ ಬೇಡ ಅನ್ನಿಸೋಕೆ ಶುರುವಾಯ್ತು. ಜನವರಿಯಲ್ಲಿ ರಜೆ ಹಾಕಿ ಕಲಬುರಗಿಯ ರಾತ್ರಿ ರೈಲು ಹತ್ತಿದೆ.

ಆಳಂದ: ಮೊದಲು ರೊಟ್ಟಿ

ಕಲಬುರಗಿಯಿಂದ ಆಳಂದಕ್ಕೆ ಸುಮಾರು 40 ಕಿ.ಮೀ. ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನ ಕಿಟಕಿಯಲ್ಲಿ ತೆನೆ ಬಿಟ್ಟ ಜೋಳ, ಕೊಯ್ದು ಒಟ್ಟಿದ ತೊಗರಿ. ಊರಿಗೆ ಹೆಸರು ತಂದಿರೋದು ಲಾಡ್ಲೆ ಮಶಾಯಕ್ ದರ್ಗಾ. ನಾನು ಹೋಗಿದ್ದು ದೊಡ್ಡವ್ವನ ಮನೆಗೆ.

ನನ್ನ ಮುಖ ನೋಡಿದ ದೊಡ್ಡವ್ವ ಕೆಲಸದ ವಿಷಯ ಕೇಳಲೇ ಇಲ್ಲ. "ಮದಲ ಉಣ್ಣು ತಮ್ಮಾ, ಆಮ್ಯಾಲ ಮಕ್ಕೋ. ಮಾತು ನಾಳಿಗಿ ಆಡೂಣು" ಅಂದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಉಂಡು ಮಲಗಿದವನು ಎದ್ದಿದ್ದು ಸಂಜೆ.

ಮರುದಿನ ಅವಳು ನೆನಪಿಸಿದ್ದು ಪ್ರವಾದಿ ಎಲೀಯನ ಕಥೆ. ಅರಸುಗಳು ಮೊದಲನೆಯ ಪುಸ್ತಕದ 19ನೇ ಅಧ್ಯಾಯದಲ್ಲಿದೆ. ದೊಡ್ಡ ಕೆಲಸ ಮುಗಿಸಿದ ಎಲೀಯ, ರಾಣಿಯ ಬೆದರಿಕೆಗೆ ಓಡಿಹೋಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೇವರು ಬೈಯಲ್ಲ, ಬುದ್ಧಿ ಹೇಳಲ್ಲ. ದೂತನ ಕೈಲಿ ರೊಟ್ಟಿ, ನೀರು ಕಳಿಸ್ತಾನೆ. ಎಲೀಯ ತಿಂದು ಮತ್ತೆ ಮಲಗ್ತಾನೆ, ಎರಡನೇ ಸಲವೂ ಎಬ್ಬಿಸಿ ಊಟ. ಮಾತು ಬರೋದು ಬಹಳ ದಿನ ಕಳೆದ ಮೇಲೆ. "ದೇವರೇ ಮದಲ ರೊಟ್ಟಿ ಕೊಟ್ಟಾನ, ಆಮ್ಯಾಲ ಮಾತಾಡ್ಯಾನ" ಅಂದಳು ದೊಡ್ಡವ್ವ.

ಅಫಜಲಪುರ: ಮುಚ್ಚಿಡದ ನೋವು

ಆಳಂದ ಸೀಮೆಯ ಅಮರ್ಜಾ ನದಿ ಕೆಳಗೆ ಹರಿದು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತೆ. ನಾನೂ ಅದೇ ದಿಕ್ಕು ಹಿಡಿದೆ. ಗಾಣಗಾಪುರ ದತ್ತಾತ್ರೇಯ ಕ್ಷೇತ್ರ. ಮಾನಸಿಕವಾಗಿ ನೊಂದವರನ್ನು ಮನೆಯವರು ಇಲ್ಲಿಗೆ ಕರೆತರೋದು ಹಿಂದಿನಿಂದ ನಡೆದುಬಂದಿದೆ. ನಾನು ಕ್ರೈಸ್ತ, ನನ್ನ ಆರಾಧನೆಯ ದಾರಿ ಬೇರೆ. ಆದರೆ ಒಂದು ವಿಷಯ ಮನಸ್ಸಿಗೆ ತಟ್ಟಿತು: ಅಲ್ಲಿ ಯಾರೂ ನೋವನ್ನು ಮುಚ್ಚಿಡ್ತಿರಲಿಲ್ಲ. ನಾವಾದರೆ ಆಫೀಸ್ ಚಾಟಲ್ಲಿ "ಆಲ್ ಗುಡ್" ಅಂತ ಟೈಪ್ ಮಾಡ್ತೀವಿ. ಚರ್ಚಲ್ಲೂ ಕೆಲವೊಮ್ಮೆ ಅದನ್ನೇ ಹೇಳ್ತೀವಿ.

ಬೈಬಲ್ ಹಾಗಿಲ್ಲ. ಅದರಲ್ಲಿರೋ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳು, ದೂರು, ಮೊರೆ. 88ನೇ ಕೀರ್ತನೆಯಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತೆ. ಸಂಗಮದ ದಂಡೆಯಲ್ಲಿ ಕೂತು ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿದೆ. ಆ್ಯಪಲ್ಲಿ ಇಂಗ್ಲಿಷಲ್ಲಿ ಓದುವಾಗ ಅದು ಬರೀ ಓದಾಗಿತ್ತು. ಇಲ್ಲಿ ನನ್ನದೇ ಅಳು ಆಯ್ತು. ದೇವರ ಮುಂದೆ ದೂರು ಹೇಳೋದು ಅವಿಶ್ವಾಸ ಅಲ್ಲ, ಅದೂ ಪ್ರಾರ್ಥನೆಯೇ ಅಂತ ಅವತ್ತು ಅರ್ಥ ಆಯ್ತು.

ಜೇವರ್ಗಿ: ಹೆಸರು ಹಿಡಿದು ಪ್ರಾರ್ಥನೆ

ಕಲಬುರಗಿಗೆ ವಾಪಸ್ ಬಂದು ಜೇವರ್ಗಿ ಬಸ್ ಹಿಡಿದೆ. ಕಟ್ಟಿಸಂಗಾವಿ ಸೇತುವೆಯ ಮೇಲೆ ಮತ್ತೆ ಅದೇ ಭೀಮಾ. ಜನವರಿಯಲ್ಲಿ ಸೌಮ್ಯವಾಗಿದ್ದಳು. 2020ರ ಅಕ್ಟೋಬರ್‌ನಲ್ಲಿ ಇದೇ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಭಾಗದ ದಂಡೆಯ ಹಳ್ಳಿಗಳಿಗೆ ನುಗ್ಗಿತ್ತು.

ಸಂಜೆ ಸಂಬಂಧಿಕರೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ. ಹದಿನೈದು ಜನ, ಒಂದು ಚಾಪೆ, ಒಂದು ಡೋಲಕ್. ಒಬ್ಬೊಬ್ಬರು ತಮ್ಮ ಭಾರ ಹೇಳಬೇಕು, ಉಳಿದವರು ಅವರ ಹೆಸರು ಹಿಡಿದು ಪ್ರಾರ್ಥಿಸಬೇಕು. ಆ ಪ್ರವಾಹದಲ್ಲಿ ತೊಗರಿ ಕಳಕೊಂಡಿದ್ದ ರೈತರೊಬ್ಬರು ಹೇಳಿದರು: "ನೀರು ಯಾಕ ಬಂತು ಅಂತ ದೇವರಿಗಿ ಕೇಳಿ ಕೇಳಿ ಸಾಕಾತ್ರಿ. ಉತ್ತರ ಸಿಗಲಿಲ್ಲ. ಆದ್ರ ಈ ಮಂದಿ ದಿನಾ ನಮ್ಮ ಮನಿಗಿ ಬಂದ್ರು."

ನನ್ನ ಸರದಿ ಬಂತು. ಅವರ ಕಷ್ಟದ ಮುಂದೆ ನನ್ನದೇನು ಅಂತ ಹಿಂಜರಿದೆ, ಆದರೂ ಹೇಳಿದೆ. "ಆನ್‌ಕಾಲ್ ಅಂದ್ರ ಏನಪಾ?" ಅಂತ ಒಬ್ಬ ಅಜ್ಜಿ ಕೇಳಿದರು. ರಾತ್ರಿ ಮಷೀನ್ ಕೆಟ್ರೆ ನನ್ನನ್ನ ಎಬ್ಬಿಸ್ತಾರೆ ಅಂದೆ. ಅಜ್ಜಿ ಕಣ್ಣು ಮುಚ್ಚಿ, "ಸ್ವಾಮಿ, ಈ ಹುಡುಗಗ ನಿದ್ದಿ ಕೊಡು, ಅವನ ಮಷೀನಿಗೂ ನಿದ್ದಿ ಕೊಡು" ಅಂತ ಬೇಡಿದರು. ಎಲ್ಲರೂ ಆಮೆನ್ ಅಂದರು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ವಾಪಸ್ ಬಂದ ಮೇಲೆ

ಕೆಲಸ ಹಾಗೇ ಇದೆ, ಮಷೀನ್ ಈಗಲೂ ಕೆಡ್ತವೆ. ಬದಲಾಗಿದ್ದು ಮೂರು. ಭಾನುವಾರದ ಡ್ಯೂಟಿಯನ್ನು ಸಹೋದ್ಯೋಗಿಯ ಶನಿವಾರದ ಜೊತೆ ಬದಲಾಯಿಸಿಕೊಂಡೆ, ಅವತ್ತು ಲ್ಯಾಪ್‌ಟಾಪ್ ಮುಟ್ಟಲ್ಲ. ವಾರಕ್ಕೊಮ್ಮೆ ಇಬ್ಬರು ಗೆಳೆಯರ ಜೊತೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿ ಪ್ರಾರ್ಥಿಸ್ತೀವಿ. ಜೊತೆಗೆ ಕೌನ್ಸೆಲರ್ ಹತ್ತಿರ ಹೋಗ್ತಿದ್ದೀನಿ, ಅದಕ್ಕೆ ಒತ್ತಾಯ ಮಾಡಿದ್ದು ನಮ್ಮ ಪಾಸ್ಟರೇ. ಪ್ರಾರ್ಥನೆ ಮಾಡೋರು ಡಾಕ್ಟರ್ ಹತ್ತಿರ ಹೋಗಬಾರದು ಅಂತ ಎಲ್ಲೂ ಇಲ್ಲ. ನಿಮಗೂ ಬೆಳಗ್ಗೆ ಏಳೋದು ಬೇಡ ಅನ್ನಿಸ್ತಿದ್ರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಕನ್ನಡದಲ್ಲೂ ಮಾತಾಡ್ತಾರೆ.

ಈ ಕಡೆ ಹೋಗೋದಾದ್ರೆ ಡಿಸೆಂಬರ್, ಜನವರಿ ಒಳ್ಳೇದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಅಲ್ಲಿ ನಿಮ್ಮವರು ಯಾರಾದ್ರೂ ಇದ್ರೆ ಮೊದಲೇ ಫೋನ್ ಮಾಡಿ. ರೊಟ್ಟಿ ಬಡಿಯೋಕೆ ಟೈಮ್ ಬೇಕಲ್ಲ!